ದಿನಕ್ಕೊಂದು ಮಾತಿನ ಜನ

ಧಾರವಾಡದ ಸಪ್ತಾಪುರದಲ್ಲಿ ನಾನು ಚಹಾ ಕುಡಿಯುತ್ತಿದ್ದ ಅಂಗಡಿಯ ಅಜ್ಜಾರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ನಿಮ್ಮೂರಾಗ ಮಳಿ ಆತೇನ್ರಿ ಸರ?’ ಬೇಸಿಗೆಯಲ್ಲೂ ಅದೇ. ‘ಇಲ್ಲ ಬಿಡ್ರಿ ಅಜ್ಜಾರ’ ಎಂದು ನಾನು ಕಪ್ಪು ಎತ್ತಿಕೊಳ್ಳುತ್ತಿದ್ದೆ. ಮೂರು ವರ್ಷ ನಮ್ಮ ಬಳಕೆ ಇಷ್ಟರಲ್ಲೇ ಮುಗಿಯಿತು. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ವಿಡಿಯೋ ಗೇಮ್ ಆಡತೊಡಗಿದ ಮೇಲೆ ಅವರು ಮತ್ತೆ ಮತ್ತೆ ನೆನಪಾಗುತ್ತಾರೆ.

2016ರಲ್ಲಿ ಬಂದ ಈ ಆಟವನ್ನು ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬನೇ ಕೂತು ಕಟ್ಟಿದ. ಚಿತ್ರ, ಸಂಗೀತ, ಸಂಭಾಷಣೆ ಎಲ್ಲ ಅವನದೇ. ಕಂಪನಿಯ ನೌಕರಿ ಬಿಟ್ಟು ನೀವು ಅಜ್ಜನ ಪಾಳುಬಿದ್ದ ಹೊಲಕ್ಕೆ ಬರುತ್ತೀರಿ. ಬಿತ್ತುತ್ತೀರಿ, ನೀರುಣಿಸುತ್ತೀರಿ, ಮಾರುತ್ತೀರಿ. ಆದರೆ ಆಡುವವರನ್ನು ಹಿಡಿದಿಡುವುದು ಬೆಳೆಗಿಂತ ಹೆಚ್ಚಾಗಿ ಆ ಊರಿನ ಸುಮಾರು ಮೂವತ್ತು ಮಂದಿ. ನಮ್ಮ ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ, ಪೋಷಕ ಪಾತ್ರಗಳು.

ಕಾದಂಬರಿಯ ಪಾತ್ರ ಮಾತು ಮತ್ತು ಕ್ರಿಯೆಗಳಿಂದ ರೂಪುಗೊಳ್ಳುತ್ತದೆ. ಆಟದ ಪಾತ್ರಕ್ಕೆ ಇನ್ನೊಂದು ಸಾಮಗ್ರಿ ಇದೆ: ನಿಯಮ. ಊರ ಹೊರಗೆ ಗುಡಾರದಲ್ಲಿ ವಾಸಿಸುವ ಲೈನಸ್‌ನನ್ನು ನೋಡಿ. ಒಂದು ರಾತ್ರಿ ಅವನು ಕಸದ ಡಬ್ಬಿ ಕೆದಕುವುದನ್ನು ನೀವು ಕಾಣುತ್ತೀರಿ. ಖಾನಾವಳಿಯಂಥ ಸಲೂನಿನ ಗಸ್ ಅವನನ್ನು ಬೈಯುವುದಿಲ್ಲ, ಊಟಕ್ಕೆ ಕರೆಯುತ್ತಾನೆ. ದೃಶ್ಯ ಚೆನ್ನಾಗಿದೆ. ಅದಕ್ಕಿಂತ ಚೆನ್ನಾಗಿರುವುದು ಒಂದು ಸಣ್ಣ ನಿಯಮ: ನೀವೇ ಕಸದ ಡಬ್ಬಿಗೆ ಕೈ ಹಾಕಿದ್ದನ್ನು ಊರಿನವರು ಕಂಡರೆ ಅವರ ಸ್ನೇಹ ಇಳಿಯುತ್ತದೆ, ಲೈನಸ್ ಕಂಡರೆ ಇಳಿಯುವುದಿಲ್ಲ. ಹಸಿವನ್ನು ಬಲ್ಲವನು ಹಸಿದವನನ್ನು ಹೀಗಳೆಯುವುದಿಲ್ಲ ಎಂಬುದನ್ನು ಇಲ್ಲಿ ಒಂದಕ್ಷರವೂ ಇಲ್ಲದೆ ಹೇಳಲಾಗಿದೆ.

ಶೇನ್‌ನ ವಿಷಯದಲ್ಲಿ ಇದೇ ನಿಯಮ ಬರವಣಿಗೆಗೆ ದ್ರೋಹ ಮಾಡುತ್ತದೆ. ಅವನು ಕುಡಿತಕ್ಕೆ ಬಿದ್ದವನು. ಬಂಡೆಯ ಅಂಚಿನಲ್ಲಿ ಬದುಕೇ ಬೇಡವೆಂದು ಒರಗಿದವನನ್ನು ನೀವು ಕಾಣುವ ದೃಶ್ಯ ಇಡೀ ಆಟದಲ್ಲೇ ಅತ್ಯಂತ ಭಾರವಾದದ್ದು. ಆದರೆ ಅವನಿಗೆ ಪ್ರಿಯವಾದ ಉಡುಗೊರೆಗಳ ಪಟ್ಟಿಯಲ್ಲಿ ಬಿಯರ್ ಇದೆ. ಆ ದೃಶ್ಯದ ಮರುದಿನವೂ ಇದೆ. ಕೊಟ್ಟರೆ ಸ್ನೇಹ ಏರುತ್ತದೆ. ಮಾತು ಒಂದು ಹೇಳುತ್ತಿದೆ, ಲೆಕ್ಕ ಇನ್ನೊಂದು.

ಈ ಲೆಕ್ಕವೇ ಆಟದ ದೊಡ್ಡ ದೌರ್ಬಲ್ಯ. ಒಬ್ಬರಿಗೆ ವಾರಕ್ಕೆ ಎರಡು ಉಡುಗೊರೆ, 250 ಅಂಕಕ್ಕೆ ಒಂದು ಹೃದಯ. ನಾವೂ ಧಾರವಾಡದಿಂದ ಹೊರಟಾಗ ಬೀಗರ ಮನೆಗೆ ಫೇಡೆ ಒಯ್ಯುತ್ತೇವೆ. ಆದರೆ ಫೇಡೆ ಮಾತಿಗೆ ಪೀಠಿಕೆ. ಇಲ್ಲಿ ಅದೇ ಮಾತಿನ ಬೆಲೆ. ಹೃದಯಗಳು ತುಂಬಿದ ಮೇಲೆ ಹೊಸ ದೃಶ್ಯಗಳಿಲ್ಲ, ಹಳೆಯ ಮಾತುಗಳೇ ಸುತ್ತುತ್ತವೆ. ‘ಅನಿಮಲ್ ಕ್ರಾಸಿಂಗ್’ ಇನ್ನೂ ಮುಂದೆ ಹೋಗುತ್ತದೆ: ಅದರ 2020ರ ಆಟದಲ್ಲಿ ನಾನೂರಕ್ಕೂ ಹೆಚ್ಚು ನೆರೆಹೊರೆಯವರು, ಸ್ವಭಾವಗಳು ಮಾತ್ರ ಎಂಟು. ಮುಖ ಬೇರೆ, ಮಾತು ಅದೇ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಈ ಕೊರತೆ ಬೇಗ ತಿಳಿಯುತ್ತದೆ. ನಾಯಿಗುತ್ತಿಯಾಗಲಿ ಅವನ ಹುಲಿಯನಾಗಲಿ ಯಾವ ನಾಯಕನ ಸಲುವಾಗಿಯೂ ಬದುಕುತ್ತಿಲ್ಲ. ಸ್ಟಾರ್‌ಡ್ಯೂನಲ್ಲಿ ಎಲ್ಲರೂ ನಿಮಗಾಗಿ ಕಾಯುತ್ತಾರೆ. ಋತುಗಳು ಉರುಳಿದರೂ ಗಾಲಿಕುರ್ಚಿಯ ಮುದುಕ ಜಾರ್ಜ್‌ಗೆ ವಯಸ್ಸಾಗುವುದಿಲ್ಲ. ಇದು ಆಟಗಳಿಗೆ ಅಸಾಧ್ಯವೇನಲ್ಲ. 2003ರ ‘ಹಾರ್ವೆಸ್ಟ್ ಮೂನ್: ಎ ವಂಡರ್‌ಫುಲ್ ಲೈಫ್’ನಲ್ಲಿ ಅಜ್ಜಿ ನೀನಾ ತೀರಿಕೊಳ್ಳುತ್ತಾಳೆ, ಅವಳ ಗಂಡ ಒಂಟಿಯಾಗಿ ಉಳಿಯುತ್ತಾನೆ. ಅವಳಿಗೆ ಇನ್ನೊಂದು ಹೂ ಕೊಡಬಹುದಿತ್ತಲ್ಲ ಎಂಬ ಕಸಿವಿಸಿ ಯಾವ ಅಂಕಕ್ಕೂ ಸಿಗುವುದಿಲ್ಲ.

ಹಾಗಿದ್ದೂ ಈ ದಿನಕ್ಕೊಂದು ಮಾತಿನ ಜನರನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಿಜದ ಊರಿನಲ್ಲಿಯೂ ನಮಗೆ ಹೆಚ್ಚಿನವರು ಸಿಗುವುದು ಹೀಗೆಯೇ. ಆಟ ಕನಿಷ್ಠ ಅವರ ಹೆಸರನ್ನು, ಹುಟ್ಟಿದ ದಿನವನ್ನು ತಿಳಿದುಕೋ ಎನ್ನುತ್ತದೆ.

ಸಪ್ತಾಪುರದ ಆ ಅಂಗಡಿ ಈಗಿಲ್ಲ. ಅಜ್ಜಾರ ಹೆಸರು ನನಗೆ ಗೊತ್ತಿಲ್ಲ. ಅವರ ಊರು ಯಾವುದು, ಅಲ್ಲಿ ಮಳೆಯಾಯಿತೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.