ಕೀಬೋರ್ಡಿಗೆ ಇನ್ನೊಂದು ಟೋನ್ ಪ್ಯಾಕ್ ಬೇಕಾ?

ಕೀಬೋರ್ಡ್ ತಗೊಂಡು ಆರು ತಿಂಗಳಾಗುವಷ್ಟರಲ್ಲಿ ಬಹಳ ಜನಕ್ಕೆ ಒಂದೇ ಥರದ ಕಾಯಿಲೆ ಹಿಡಿಯುತ್ತೆ. ಇದರಲ್ಲಿರೋ ಶಹನಾಯಿ ಶಹನಾಯಿ ಥರ ಇಲ್ಲ, ಕೊಳಲು ಕೊಳಲಿನ ಥರ ಇಲ್ಲ, ಇನ್ನೊಂದು ಟೋನ್ ಪ್ಯಾಕ್ ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನೋ ಕಾಯಿಲೆ. ಆರ್ಕೆಸ್ಟ್ರಾದವರು, ಭಜನಾ ಮಂಡಳಿಯವರು, ನಾಟಕಕ್ಕೆ ನುಡಿಸೋರು, ಶನಿವಾರ ಭಾನುವಾರ ಮಾತ್ರ ಕೀಬೋರ್ಡ್ ಮುಂದೆ ಕೂರೋ ನನ್ನಂಥ ಐಟಿ ಮಂದಿ, ಯಾರನ್ನೂ ಇದು ಬಿಟ್ಟಿಲ್ಲ. ಯೂಟ್ಯೂಬಿನಲ್ಲಿ ಡೆಮೊ ನೋಡ್ತೀವಿ, ಅಲ್ಲೇ ಇರೋ ವಾಟ್ಸಾಪ್ ನಂಬರಿಗೆ ಮೆಸೇಜ್ ಹಾಕ್ತೀವಿ, ದುಡ್ಡು ಕಳಿಸಿದರೆ ಫೈಲ್ ಬರುತ್ತೆ, ಪೆನ್ ಡ್ರೈವಿಗೆ ಹಾಕಿ ಸಿಗಿಸಿದರೆ ಆಯ್ತು. ಈ ಪ್ಯಾಕುಗಳು ನಿಜಕ್ಕೂ ಏನು ಕೊಡ್ತವೆ, ಏನು ಕೊಡಲ್ಲ ಅನ್ನೋದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ.

ಮೊದಲು ಕೊಳ್ಳೋರ ಪರವಾಗಿಯೇ ಮಾತಾಡ್ತೀನಿ. ಈ ಆಸೆ ಸುಮ್ಮನೆ ಹುಟ್ಟಿದ್ದಲ್ಲ. 1991ರಲ್ಲಿ ಜನರಲ್ ಮಿಡಿ ಅನ್ನೋ ಒಪ್ಪಂದ ಬಂತು. ಯಾವ ಕಂಪನಿಯ ಕೀಬೋರ್ಡ್ ಆದರೂ ಯಾವ ನಂಬರಿಗೆ ಯಾವ ವಾದ್ಯ ಬರಬೇಕು ಅಂತ 128 ಟೋನುಗಳ ಪಟ್ಟಿ ಅದು. ಪಿಯಾನೋ ಜಾತಿಗೆ ಎಂಟು ಜಾಗ, ಗಿಟಾರಿಗೆ ಎಂಟು, ಬೇಸ್‌ಗೆ ಎಂಟು. ನಮ್ಮ ಕಡೆಯವು ಅಂತ ಎರಡೇ: 105ರಲ್ಲಿ ಸಿತಾರ್, 112ರಲ್ಲಿ ಶಹನಾಯಿ. ವೀಣೆ ಇಲ್ಲ, ನಾದಸ್ವರ ಇಲ್ಲ. ತಾಳವಾದ್ಯಗಳ ಪಟ್ಟಿಯಲ್ಲಿ ತಬಲಾನೂ ಇಲ್ಲ, ಮೃದಂಗಾನೂ ಇಲ್ಲ. ಇನ್ನು ಡೊಳ್ಳು, ತಮಟೆ ಕೇಳೋ ಹಾಗೇ ಇಲ್ಲ. ಊರ ಜಾತ್ರೆಯ ಹಾಡು ನುಡಿಸಬೇಕಾದವನು ಹೊರಗಡೆ ಟೋನ್ ಹುಡುಕಿದರೆ ಅದನ್ನ ತೆವಲು ಅನ್ನೋಕಾಗಲ್ಲ.

ಕಂಪನಿಗಳಿಗೂ ಇದು ಗೊತ್ತಿತ್ತು. 1996ರಲ್ಲಿ ಬಂದ ರೋಲ್ಯಾಂಡ್ ಎಕ್ಸ್‌ಪಿ-80 ಒಳಗೆ ಹೆಚ್ಚುವರಿ ಬೋರ್ಡ್ ಕೂರಿಸೋಕೆ ನಾಲ್ಕು ಜಾಗ ಕೊಟ್ಟಿದ್ದರು. ಒಂದೊಂದು ಬೋರ್ಡಿನಲ್ಲೂ ಒಂದೊಂದು ಬಗೆಯ ಟೋನ್, ಏಷ್ಯಾದ ವಾದ್ಯಗಳಿಗೇ ಅಂತ ಒಂದು ಬೋರ್ಡ್ ಇತ್ತು. ಆ ಬೋರ್ಡಿನಲ್ಲಿ ಒಂದು ಒಳ್ಳೇ ಗುಣ ಇತ್ತು: ಕೀಬೋರ್ಡ್ ಮಾರಿದರೂ ಬೋರ್ಡ್ ಬಿಚ್ಚಿಕೊಂಡು ಅದೇ ಸಾಲಿನ ಇನ್ನೊಂದು ಕೀಬೋರ್ಡಿಗೆ ಹಾಕಬಹುದಿತ್ತು. ಈಗಿನ ಪೆನ್ ಡ್ರೈವ್ ಫೈಲು ಹಾಗಲ್ಲ. ರೋಲ್ಯಾಂಡ್ ಎಕ್ಸ್‌ಪಿಎಸ್-10ಕ್ಕೆ ಅಂತ ಮಾಡಿದ ಟೋನ್ ಫೈಲು ಯಮಾಹಾದಲ್ಲಿ ತೆರೆಯಲ್ಲ. ಕೀಬೋರ್ಡ್ ಬದಲಾದ ದಿನ ಆ ದುಡ್ಡು ಹೋಯ್ತು ಅಂತಲೇ ಲೆಕ್ಕ.

ಸರಿ, ಟೋನ್ ಪ್ಯಾಕ್ ಅಂದರೆ ಒಳಗಿರೋದೇನು? ಯಾರೋ ಒಬ್ಬರು ನಾದಸ್ವರ ಊದಿದ್ದಾರೆ, ಅದನ್ನ ರೆಕಾರ್ಡ್ ಮಾಡಿ ಕೀಗಳ ಮೇಲೆ ಹರಡಿದ್ದಾರೆ. ಒಳ್ಳೇ ಕೆಲಸ ಆಗಿದ್ದರೆ ಒಂದೊಂದು ಸ್ವರವನ್ನೂ ಬೇರೆಬೇರೆ ಊದಿಸಿ, ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ ಹಿಡಿದಿರುತ್ತಾರೆ. ಕೀ ಮೆಲ್ಲಗೆ ಒತ್ತಿದರೆ ಒಂದು, ಕುಟ್ಟಿದರೆ ಇನ್ನೊಂದು ಬರುತ್ತೆ. ಅಗ್ಗದ ಪ್ಯಾಕುಗಳಲ್ಲಿ ಒಂದೋ ಎರಡೋ ಸ್ವರ ಹಿಡಿದು ಉಳಿದ ಕೀಗಳಿಗೆಲ್ಲ ಅದನ್ನೇ ಎಳೆದಿರುತ್ತಾರೆ. ಮಧ್ಯದ ಕೀಗಳಲ್ಲಿ ಚೆನ್ನಾಗೇ ಇರುತ್ತೆ. ಮೇಲಕ್ಕೆ ಹೋದ ಹಾಗೆ ಕ್ಯಾಸೆಟ್ಟಿನ ಸ್ಪೀಡ್ ಜಾಸ್ತಿ ಮಾಡಿದಂಗೆ ಕೀಚಲು, ಕೆಳಗೆ ಹೋದ ಹಾಗೆ ನಿದ್ದೆಗಣ್ಣಿನ ದನಿ. ಡೆಮೊ ವಿಡಿಯೋದಲ್ಲಿ ಮಧ್ಯದ ಕೀಗಳನ್ನೇ ನುಡಿಸಿ, ಹಿಂದೆ ತಾಳ ಬಿಟ್ಟು, ಮೇಲೆ ಎಕೋ ಸುರಿದಿದ್ದರೆ ಇದ್ಯಾವುದೂ ಗೊತ್ತಾಗೋದೇ ಇಲ್ಲ.

ಇನ್ನೂ ದೊಡ್ಡ ತಕರಾರು ಗಮಕದ್ದು. ಕೆಲವು ಪ್ಯಾಕುಗಳಲ್ಲಿ ಗಮಕ ಸಮೇತ ರೆಕಾರ್ಡ್ ಮಾಡಿರ್ತಾರೆ. ಕೀ ಒತ್ತಿದ ಕೂಡಲೇ ಸ್ವರ ತೂಗುತ್ತೆ, ಕೇಳಿದವರು ವಾಹ್ ಅಂತಾರೆ. ಆದರೆ ಆ ಕೀ ಪ್ರತಿ ಸಲವೂ ಹಾಗೇ ತೂಗುತ್ತೆ, ಅಷ್ಟೇ ವೇಗದಲ್ಲಿ. ತೋಡಿಯ ಗಾಂಧಾರಕ್ಕೆ ತೂಗಾಟ ಬೇಕು. ಅದೇ ಕೀ ಒಂದು ಭಾವಗೀತೆಯಲ್ಲಿ ಅಲ್ಲಾಡದೆ ನಿಲ್ಲಬೇಕಾಗಬಹುದು. ರಾಗ ಯಾವುದು, ಹಿಂದಿನ ಸ್ವರ ಯಾವುದು ಅಂತ ಆ ಫೈಲಿಗೆ ಗೊತ್ತಿಲ್ಲವಲ್ಲ. ಅದನ್ನ ತಿಳಿದುಕೊಳ್ಳಬೇಕಾದ್ದು ಎಡಗೈ. ಪಿಚ್ ಬೆಂಡ್ ಸಾಮಾನ್ಯವಾಗಿ ಕರಿ ಬಿಳಿ ಸೇರಿಸಿ ಎಣಿಸಿದರೆ ಎರಡು ಕೀ ಮೇಲೆ, ಎರಡು ಕೀ ಕೆಳಗೆ ಎಳೆಯುತ್ತೆ. ಅಷ್ಟರಲ್ಲೇ ಬೇಕಾದಷ್ಟು ಕೆಲಸ ಇದೆ. ಆ ಎಡಗೈ ಪಳಗಿದ್ದರೆ ಕೀಬೋರ್ಡಿನ ಜೊತೆ ಬಂದ ಸಾದಾ ಶಹನಾಯಿಯೇ ಅರ್ಧ ದಾರಿ ಮುಟ್ಟಿಸುತ್ತೆ. ಪಳಗದಿದ್ದರೆ ಎಷ್ಟು ದುಬಾರಿ ಪ್ಯಾಕ್ ತಂದರೂ ಆರ್ಗನ್ ಥರವೇ ಕೇಳೋದು.

ಕೀ ಇರೋ ವಾದ್ಯದ ಮೇಲೆ ಈ ದೂರು ಹೊಸದೂ ಅಲ್ಲ. ಸ್ವರ ಜಾರಿಸೋಕಾಗಲ್ಲ ಅನ್ನೋದನ್ನೂ ಒಂದು ಕಾರಣವಾಗಿಟ್ಟುಕೊಂಡು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತ್ತು. ಮೂವತ್ತು ವರ್ಷ ಅದು ಹೊರಗೇ ಇತ್ತು. ಅದೇ ಕಾಲದಲ್ಲಿ ನಮ್ಮ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರುಗಳು ಅದೇ ಪೆಟ್ಟಿಗೆ ಇಟ್ಟುಕೊಂಡು ಇಡೀ ರಾತ್ರಿ ಕುರುಕ್ಷೇತ್ರ ನಡೆಸ್ತಿದ್ದರು. ಇದ್ದದ್ದು ಒಂದೇ ದನಿ. ದುರ್ಯೋಧನನ ಅಬ್ಬರಕ್ಕೂ ಅದೇ, ಕುಂತಿಯ ಅಳುವಿಗೂ ಅದೇ. ಎಲ್ಲಿ ಒತ್ತಬೇಕು, ಎಲ್ಲಿ ತಿದಿ ಸಡಿಲ ಬಿಡಬೇಕು, ಎಲ್ಲಿ ಪೂರ್ತಿ ಸುಮ್ಮನಿದ್ದು ನಟನ ಗಂಟಲಿಗೆ ಜಾಗ ಕೊಡಬೇಕು, ಆಟ ಇದ್ದದ್ದು ಅದರಲ್ಲಿ.

ಕೀಬೋರ್ಡಿನ ಚರಿತ್ರೆಯೂ ಇದನ್ನೇ ಹೇಳುತ್ತೆ. 1983ರ ಯಮಾಹಾ ಡಿಎಕ್ಸ್7 ತನ್ನೊಳಗೆ ಇಟ್ಟುಕೊಳ್ತಿದ್ದದ್ದು 32 ಟೋನ್. 1988ರ ಕೊರ್ಗ್ ಎಂ1 ಒಳಗಿದ್ದ ಧ್ವನಿಯೆಲ್ಲ ಸೇರಿ 4 ಎಂಬಿ, ಇವತ್ತು ಫೋನಿನಲ್ಲಿ ತೆಗೆಯೋ ಒಂದು ಫೋಟೋದಷ್ಟು. ಅಷ್ಟರಲ್ಲೇ ಎಷ್ಟೊಂದು ಹಾಡು ಆದವು. ಅದರ ಜೊತೆಗೆ ಒಂದು ತೊಂದರೆಯೂ ಆಯ್ತು: ಎಲ್ಲರೂ ಡಿಎಕ್ಸ್7ನ ಅದೇ ಎಲೆಕ್ಟ್ರಿಕ್ ಪಿಯಾನೋ ಒತ್ತಿ ಒತ್ತಿ, ಆ ಕಾಲದ ಇಂಗ್ಲಿಷ್ ಹಾಡುಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಈಗ ನಮ್ಮಲ್ಲಿ ಒಂದೇ ಪೆನ್ ಡ್ರೈವಿನ ಶಹನಾಯಿ ಊರೂರಿನ ಆರ್ಕೆಸ್ಟ್ರಾದಲ್ಲಿ ಕೇಳ್ತಿದೆ. ಬೇರೆ ಥರ ಕೇಳಿಸಲಿ ಅಂತ ಕೊಂಡಿದ್ದು, ಎಲ್ಲರನ್ನೂ ಒಂದೇ ಥರ ಮಾಡ್ತಿದೆ.

ಹಾಗಾದರೆ ಕೊಳ್ಳಲೇಬಾರದಾ? ಕೊಳ್ಳಿ. ಆದರೆ ನಾವು ಆಫೀಸಿನಲ್ಲಿ ಪ್ರಾಜೆಕ್ಟಿಗೆ ಹೊಸ ಲೈಬ್ರರಿ ಸೇರಿಸೋ ಮುಂಚೆ ಕೇಳೋ ಪ್ರಶ್ನೆ ಇಲ್ಲೂ ಕೇಳಿ: ಇರೋದ್ರಲ್ಲಿ ಆಗಲ್ವಾ? ನಿಮಗೆ ತೊಂದರೆ ಕೊಡ್ತಿರೋ ಒಂದೇ ಒಂದು ಹಾಡು ಇಟ್ಕೊಳ್ಳಿ. ಇರೋ ಟೋನಿನ ಅಟ್ಯಾಕ್, ರಿಲೀಸ್, ಕಟಾಫ್ ತಿರುಗಿಸಿ ವಾರ ಪೂರ್ತಿ ಅದೊಂದನ್ನೇ ನುಡಿಸಿ. ಕಂಪನಿಯವರೇ ಪುಕ್ಕಟೆ ಕೊಡೋ ಟೋನುಗಳನ್ನೂ ನೋಡಿ, ರೋಲ್ಯಾಂಡಿನವರು ಆಕ್ಸಿಯಲ್ ಅನ್ನೋ ತಾಣದಲ್ಲಿ ಕೊಡ್ತಾರೆ. ಆಮೇಲೂ ಸಾಲದು ಅನ್ನಿಸಿದರೆ, ಮಾರೋರ ಹತ್ತಿರ ತಾಳ, ಎಕೋ ಏನೂ ಇಲ್ಲದ ಬರೀ ಟೋನ್ ಕೇಳಿ. ಕೆಳಗಿನ ಕೀಯಿಂದ ಮೇಲಿನ ಕೀ ತನಕ ಒಂದೊಂದಾಗಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಕೊಡಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ. 500 ಟೋನ್, 1000 ಟೋನ್ ಅನ್ನೋ ಲೆಕ್ಕಕ್ಕೆ ಮರುಳಾಗಬೇಡಿ, ವರ್ಷಕ್ಕೆ ಹತ್ತು ಮುಟ್ಟಿದರೆ ಹೆಚ್ಚು.

ಇನ್ನೊಂದು ಪ್ರಶ್ನೆನೂ ಕೇಳಿ: ಇದನ್ನ ಊದಿದವರು ಯಾರು? ಇಂಥ ಪ್ಯಾಕಿನ ಮೇಲೆ ಮಾರೋರ ಹೆಸರು, ನಂಬರು ದೊಡ್ಡದಾಗಿರುತ್ತೆ. ಉಸಿರು ಕೊಟ್ಟವರ ಹೆಸರು ನಾನಂತೂ ನೋಡಿಲ್ಲ. ಅವರಿಗೆ ದುಡ್ಡು ಸೇರಿತೋ ಇಲ್ಲವೋ ತಿಳಿಯೋ ದಾರಿಯೂ ಇಲ್ಲ. ಮದುವೆ ಮನೆಯಲ್ಲಿ ಕೀಬೋರ್ಡ್ ಇದೆ ಅಂತ ವಾಲಗದವರಿಗೆ ಬೇಡ ಅಂದಾಗ, ಅವರ ಕೆಲಸ ಕಿತ್ತುಕೊಂಡಿದ್ದು ಅವರ ಜಾತಿಯದೇ ಒಬ್ಬರ ಉಸಿರಿನ ರೆಕಾರ್ಡು.

ಎಕ್ಸ್‌ಪಿಎಸ್-10 ಥರದ ಕೀಬೋರ್ಡುಗಳಿಗೆ ನಾವೇ ರೆಕಾರ್ಡ್ ಮಾಡಿದ ಧ್ವನಿಯನ್ನೂ ಹಾಕಬಹುದು. ಮಂಡಳಿಯವರು ಪ್ಯಾಕಿಗೆ ಅಂತ ಎತ್ತಿಟ್ಟ ದುಡ್ಡನ್ನ ನಿಮ್ಮೂರಿನ ಡೊಳ್ಳಿನವರಿಗೋ ವಾಲಗದವರಿಗೋ ಕೊಟ್ಟು, ಅವರ ಒಪ್ಪಿಗೆ ತಗೊಂಡು, ಒಂದು ಮಧ್ಯಾಹ್ನ ಗದ್ದಲ ಇಲ್ಲದ ಕಡೆ ಕೂತು ರೆಕಾರ್ಡ್ ಮಾಡಿ. ಫೈಲಿಗೆ ಅವರ ಹೆಸರನ್ನೇ ಇಡಿ. ಹಬ್ಬದ ದಿನ ಮಾತ್ರ ಟೋನ್ ಒತ್ತಬೇಡಿ, ಅವರನ್ನೇ ಕರೆಸಿ.