ನಾವು ಓದುತ್ತಿರುವುದು ಶಾಸನವನ್ನೋ, ಫ್ಲೀಟನನ್ನೋ?

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಇತಿಹಾಸ ಬರೆಯುವವರ ಅಡಿಟಿಪ್ಪಣಿಗಳಲ್ಲಿ ಈಗ ‘ಮೂಲ ಶಾಸನ’ ಎಂಬ ಪದ ಧಾರಾಳವಾಗಿ ಕಾಣುತ್ತಿದೆ. ಬೆನ್ನು ಹತ್ತಿ ಹೋದರೆ ಸಿಗುವುದು ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಯಾವುದೋ ಪಿಡಿಎಫ್. ಹೀಗೆ ಅತಿ ಹೆಚ್ಚು ದುಡಿಸಿಕೊಂಡಿರುವುದು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟ (1898–99). ಅದರಲ್ಲಿ ಜೆ.ಎಫ್. ಫ್ಲೀಟ್ ಸಂಪಾದಿಸಿದ, ಹಿರೇಕೆರೂರು ಸೀಮೆಯ ಅಬಲೂರಿನ ಶಾಸನಗಳಿವೆ. ಫ್ಲೀಟನ ವಿದ್ವತ್ತನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಈ ಪಿಡಿಎಫ್‌ಗೆ ಸಿಕ್ಕಿರುವ ‘ಮೂಲ ಆಕರ’ದ ಪಟ್ಟ ಅದರ ಯೋಗ್ಯತೆಗೆ ಮೀರಿದ್ದು.

ಅಬಲೂರಿನ ಒಂದು ಶಾಸನ ಹೇಳುವ ಕಥೆ ಗೊತ್ತಿದ್ದದ್ದೇ. ಆಳಂದೆಯ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆಯನ್ನು ಶಿವನಿಗೆ ಒಪ್ಪಿಸಿ, ಏಳನೆಯ ದಿನ ಮರಳಿ ಪಡೆದ, ಜಿನಬಿಂಬವನ್ನು ಒಡೆದ, ದೂರು ಹೊತ್ತು ಹೋದವರ ಎದುರೇ ಕಲಚುರಿ ದೊರೆ ಬಿಜ್ಜಳನಿಂದ ಜಯಪತ್ರ ಗಳಿಸಿದ. ಹಾನಗಲ್ಲ ಕದಂಬರ ಕಾಮದೇವ ಅಬಲೂರಿನ ಗುಡಿಗೆ ದತ್ತಿ ಬಿಟ್ಟ. ಈ ಶಾಸನದ ಕಾಲ ಸುಮಾರು 1200 ಎಂದು ಫ್ಲೀಟನೇ ಅಂದಾಜು ಮಾಡಿದ್ದಾನೆ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರಲ್ಲಿ. ಎಂದರೆ ಕಲ್ಲು ಮಾತಾಡಿದ್ದು ಘಟನೆಗೆ ಮೂರು ದಶಕ ಕಳೆದ ಮೇಲೆ, ಅದೂ ಗೆದ್ದವರ ಗುಡಿಯಲ್ಲಿ ನಿಂತು. ಜೈನರು ಪಂಥದ ಕರಾರನ್ನು ಓಲೆಯಲ್ಲಿ ಬರೆದುಕೊಟ್ಟರು ಎಂದು ಶಾಸನ ಹೇಳುತ್ತದೆ. ರಾಜ ಕೊಟ್ಟ ಜಯಪತ್ರವನ್ನೂ ಹೆಸರಿಸುತ್ತದೆ. ಓಲೆಯೂ ಉಳಿದಿಲ್ಲ, ಜಯಪತ್ರವೂ ಉಳಿದಿಲ್ಲ. ಕಲ್ಲೇ ಬೇರೆ ದಾಖಲೆಗಳನ್ನು ಸಾಕ್ಷಿಗೆ ಕರೆಯುತ್ತಿರುವಾಗ, ಕಲ್ಲಿನ ಮುದ್ರಿತ ಪಾಠದ ಸ್ಕ್ಯಾನನ್ನು ‘ಮೂಲ’ ಎನ್ನಲು ಎಷ್ಟು ಧೈರ್ಯ ಬೇಕು!

ಇನ್ನು ಆ ಪಾಠದ ರೂಪ. ಫ್ಲೀಟ್ ಅದನ್ನು ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಕೆಳಗೆ ಗೆರೆ ಚುಕ್ಕಿ ಹಚ್ಚಿ ಅಚ್ಚು ಮಾಡಿಸಿದ. ಸ್ಕ್ಯಾನಿನ ಅಕ್ಷರ ಗುರುತಿಸುವ ಯಂತ್ರ ಆ ಚುಕ್ಕಿಗಳೆದುರು ಸೋತು ಸುಣ್ಣವಾಗುತ್ತದೆ. ಪಕ್ಕದ ಶಿಕಾರಿಪುರ ತಾಲೂಕಿನ ಅದೃಷ್ಟ ಬೇರೆ: ಅದು ಮೈಸೂರು ಸೀಮೆ, ಹಾಗಾಗಿ ಬಳ್ಳಿಗಾವೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ಕನ್ನಡ ಅಕ್ಷರದಲ್ಲೂ ಕೊಟ್ಟ. ಅಬಲೂರು ಮುಂಬಯಿ ಪ್ರಾಂತದ ಪಾಲಾಯಿತು. ಹುಡುಕುವವನಿಗೂ ಅದೇ ಗೋಳು. ಫ್ಲೀಟನ ಕಾಲಕ್ಕೆ ಹಿರೇಕೆರೂರು ಕೋಡ ತಾಲೂಕಿನಲ್ಲಿತ್ತು, ಶಿಗ್ಗಾಂವಿ ಬಂಕಾಪುರ ತಾಲೂಕಿನಲ್ಲಿತ್ತು, ಸವಣೂರು ನವಾಬರ ಸಂಸ್ಥಾನವಾಗಿತ್ತು. ಇಂದಿನ ತಾಲೂಕಿನ ಹೆಸರು ಒತ್ತಿ, ಏನೂ ಬಾರದಿದ್ದರೆ ‘ಆಕರಗಳಿಲ್ಲ’ ಎಂದು ಷರಾ ಬರೆಯುವವರಿಗೆ ಇದನ್ನು ಯಾರು ಹೇಳಬೇಕು?

ಪಠ್ಯಕ್ಕಿಂತ ದೊಡ್ಡ ನಷ್ಟ ಗೋಡೆಯದು. ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಇದೇ ಪ್ರಸಂಗದ ಉಬ್ಬುಶಿಲ್ಪಗಳಿವೆ, ಅವುಗಳ ಜತೆಗೆ ಕಿರು ಬರಹಗಳಿವೆ. ಕಲ್ಲಿನ ಬರಹ, ಚಿತ್ರ, ಚಿತ್ರದ ತಲೆಬರಹ ಮೂರೂ ಒಂದೇ ವಾದವನ್ನು ಮಂಡಿಸುತ್ತವೆ. ಅಕ್ಷರ ಬಾರದ ಭಕ್ತನಿಗೂ ತೀರ್ಪು ಮುಟ್ಟಿಸುವ ಏರ್ಪಾಟು ಅದು. ಸಂಪುಟದ ಸಾಲುಗಳಷ್ಟನ್ನೇ ಓದಿದವನಿಗೆ ಪ್ರಚಾರದ ಈ ಜಾಣ್ಮೆ ತಿಳಿಯುವುದೇ ಇಲ್ಲ.

ಈಗ ಫ್ಲೀಟನ ಬಗೆಗಿನ ವಿಮರ್ಶಕರ ಜಗಳಕ್ಕೆ ಬರೋಣ. ಒಂದು ಗುಂಪು ಫ್ಲೀಟನ ಪಾಠದೊಂದಿಗೆ ಅವನ ತೀರ್ಮಾನವನ್ನೂ ಎತ್ತಿಕೊಳ್ಳುತ್ತದೆ. ಈ ಶಾಸನದ ಬಲದ ಮೇಲೆಯೇ ಅವನು ವೀರಶೈವ ಪುನರುತ್ಥಾನದ ಹಿರಿಮೆಯನ್ನು ರಾಮಯ್ಯನಿಗೆ ಕಟ್ಟಿ, ಬಸವಣ್ಣನ ಪುರಾಣಕಥನಗಳನ್ನು ಸಂಶಯದಿಂದ ನೋಡಿದ. ಮುಂದೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂದು ಬಸವಣ್ಣನ ‘ಸಂಗನಬಸವ’ ಎಂಬ ಹೆಸರನ್ನು ಕಲ್ಲಿನಲ್ಲೇ ತೋರಿಸಿತು. ಆದರೆ 1898ರ ಪಿಡಿಎಫ್ ತನ್ನನ್ನು ತಾನು ತಿದ್ದಿಕೊಳ್ಳುವುದಿಲ್ಲ. ಹಳೆಯ ತೀರ್ಪು ಹೊಸ ಲೇಖನಗಳಲ್ಲಿ ಬಡ್ತಿ ಪಡೆಯುತ್ತಲೇ ಇದೆ. ಇನ್ನೊಂದು ಗುಂಪು ಫ್ಲೀಟ್ ವಸಾಹತುಶಾಹಿ ಅಧಿಕಾರಿ ಎಂದು ಒಂದೇ ಏಟಿಗೆ ತಳ್ಳಿಹಾಕಿ, ರಾಮಯ್ಯನ ಕಥೆಗೆ ಮಾತ್ರ ಅವನ ಇಂಗ್ಲಿಷ್ ಅನುವಾದವನ್ನೇ ಕನ್ನಡಿಸಿಕೊಳ್ಳುತ್ತದೆ. ಬೈಯುವುದಕ್ಕೂ ಬರೆಯುವುದಕ್ಕೂ ಅವನೇ ಬೇಕು! ಈ ಎರಡನೆಯವರ ಸೋಮಾರಿತನವೇ ನನಗೆ ಹೆಚ್ಚು ಅಸಹ್ಯ. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ ಮುಂಬಯಿ ಕರ್ನಾಟಕ ಸಂಪುಟಗಳಲ್ಲಿ ಪಾಠಗಳು ಕನ್ನಡ ಲಿಪಿಯಲ್ಲೇ ಇವೆ. ಅನುವಾದವಿಲ್ಲದ ಕಾರಣಕ್ಕೆ ಅವುಗಳ ಕಡೆ ಇವರು ತಲೆ ಹಾಕುವುದಿಲ್ಲ. ಹಳಗನ್ನಡ ಬಾರದವರು ವಸಾಹತುಶಾಹಿಯನ್ನು ದೂರುವುದು ಸುಲಭ.

ಅಮೆರಿಕದ ಇತಿಹಾಸ ಓದುವವರಿಗೆ ಲೈಬ್ರರಿ ಆಫ್ ಕಾಂಗ್ರೆಸ್ ಜಾರ್ಜ್ ವಾಷಿಂಗ್ಟನ್‌ನ ಪತ್ರಗಳ ಚಿತ್ರಗಳನ್ನೇ ತೆರೆದಿಟ್ಟಿದೆ. ಸಂಪಾದಕ ತಪ್ಪಿದರೆ ಕೈಬರಹವೇ ಹಿಡಿದು ತೋರಿಸುತ್ತದೆ. ನಮ್ಮಲ್ಲೂ ಅದು ಅಸಾಧ್ಯವಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆ.

ಮನೆಯಲ್ಲಿ ಕೂತೇ ಸಂಪುಟ ತೆರೆಯುವ ಅನುಕೂಲ ಸಣ್ಣದಲ್ಲ, ಒಪ್ಪಿದೆ. ಆದರೆ ಅಡಿಟಿಪ್ಪಣಿ ಪ್ರಾಮಾಣಿಕವಾಗಿರಲಿ: ಓದಿದ್ದು ಫ್ಲೀಟನ ಪಾಠವಾದರೆ ‘ಫ್ಲೀಟನ ಪಾಠ’ ಎಂದೇ ಬರೆಯಿರಿ. ‘ಮೂಲ ಶಾಸನ’ ಎನ್ನುವ ಹಕ್ಕು ಅಬಲೂರಿಗೆ ಹೋಗಿ ಕಲ್ಲಿನೊಂದಿಗೆ ಆ ಪಾಠವನ್ನು ಸಾಲು ಸಾಲಾಗಿ ತಾಳೆ ನೋಡಿದವರದು.