ಮಾಲೆಯ ಬೀದಿಗಳು ಯಾರಿಗೆ?

ಮಾಲ್ಡೀವ್ಸ್ ಎಂದರೆ ನಮ್ಮವರ ಮಟ್ಟಿಗೆ ಒಂದು ಜಾಹೀರಾತು. ನೀಲಿ ನೀರು, ಬಿಳಿ ಮರಳು, ನವದಂಪತಿಗಳು. ಆ ಚಿತ್ರದಲ್ಲಿ ರಾಜಧಾನಿ ಮಾಲೆ ಕಾಣುವುದೇ ಇಲ್ಲ. ವಿಮಾನ ನಿಲ್ದಾಣ ಪಕ್ಕದ ಹುಲುಲೆ ದ್ವೀಪದಲ್ಲಿರುವುದರಿಂದ ಪ್ರವಾಸಿ ಅಲ್ಲಿಂದಲೇ ದೋಣಿ ಹತ್ತಿ ರಿಸಾರ್ಟ್ ಸೇರಿಬಿಡುತ್ತಾನೆ.

ಮಾಲೆಯ ವಿಸ್ತೀರ್ಣ ಸುಮಾರು ಎರಡು ಚದರ ಕಿಲೋಮೀಟರ್. ಅಷ್ಟರಲ್ಲೇ ಒಂದು ಲಕ್ಷಕ್ಕೂ ಮಿಕ್ಕಿದ ಜನ. ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ನಡಿಗೆ. ಆದರೂ ಓಣಿ ಓಣಿಗಳಲ್ಲಿ ಮೋಟಾರು ಬೈಕುಗಳು ಸಾಲುಗಟ್ಟಿ ನಿಂತಿರುತ್ತವೆ. ನಡೆಯುವವನಿಗೆ ಉಳಿಯುವುದು ಗೋಡೆ ಮತ್ತು ಬೈಕಿನ ನಡುವಿನ ಸಂದು. ಊರಿನ ಮುಖ್ಯ ರಸ್ತೆಯ ಹೆಸರು ಮಜೀದೀ ಮಗು. ಅಲ್ಲಿನ ದಿವೇಹಿ ಭಾಷೆಯಲ್ಲಿ ಮಗು ಎಂದರೆ ಬೀದಿ. ಕನ್ನಡದ ಮಗುವನ್ನು ಕೈಹಿಡಿದು ಆ ಮಗುವನ್ನು ದಾಟುವುದು ಮಾತ್ರ ಸುಲಭವಲ್ಲ!

14ನೇ ಶತಮಾನದ 40ರ ದಶಕದಲ್ಲಿ ಇಲ್ಲಿ ಖಾಝಿಯಾಗಿದ್ದ ಇಬ್ನ್ ಬತೂತ, ಈ ದ್ವೀಪಗಳ ಬೀದಿಗಳು ಗುಡಿಸಿ ಶುಚಿಯಾಗಿರುತ್ತವೆ, ಮರಗಳ ನೆರಳಿನಿಂದಾಗಿ ತೋಟದಲ್ಲಿ ನಡೆದಂತಾಗುತ್ತದೆ ಎಂದು ಬರೆದಿಟ್ಟಿದ್ದಾನೆ. ಹಳೆಯ ಕಾಲವೇ ಚೆನ್ನಾಗಿತ್ತೆಂದು ಕೊರಗಲು ಈ ಮಾತನ್ನು ನಾವು ನೆನಪಿಸುತ್ತಿಲ್ಲ. ಬೀದಿಯನ್ನು ಅಲ್ಲಿ ನಡೆಯುವವನ ಕಣ್ಣಿನಿಂದ ನೋಡಿದ ಬರಹ ಅದು. ಇಂದಿನ ಯೋಜನೆಗಳಲ್ಲಿ ಆ ಕಣ್ಣು ಕಾಣೆಯಾಗಿದೆ.

ಜಾಗ ಕಿರಿದು, ಜನ ಹೆಚ್ಚು ಎಂಬುದು ಎಲ್ಲರೂ ಹೇಳುವ ಕಾರಣ. ಇದು ಅರ್ಧ ಸತ್ಯ. ಆ ದೇಶದಲ್ಲಿ ಜನವಸತಿಯಿರುವ ದ್ವೀಪಗಳು ಇನ್ನೂರರ ಹತ್ತಿರ ಇವೆ. ಆದರೆ 2022ರ ಜನಗಣತಿಯ 5.15 ಲಕ್ಷ ನಿವಾಸಿಗಳಲ್ಲಿ ಐದರಲ್ಲಿ ಎರಡು ಪಾಲು ಮಾಲೆ ಮತ್ತು ಅದಕ್ಕೆ ಸೇರಿದ ಹುಲುಮಾಲೆ ಮೊದಲಾದ ದ್ವೀಪಗಳಲ್ಲೇ ಇದ್ದರು. ದೊಡ್ಡ ಆಸ್ಪತ್ರೆ, ಉನ್ನತ ಶಿಕ್ಷಣ, ಸರಕಾರಿ ಕಚೇರಿ ಎಲ್ಲವೂ ಇಲ್ಲೇ ಇರುವಾಗ ದೂರದ ದ್ವೀಪದವನು ಇನ್ನೆಲ್ಲಿಗೆ ಹೋಗಬೇಕು? ಮಕ್ಕಳ ಓದಿಗಾಗಿ ಬಂದು ದುಬಾರಿ ಬಾಡಿಗೆಯ ಕೋಣೆ ಹಿಡಿಯುವವರನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ಹುಡುಕಿದ ಪರಿಹಾರವೆಲ್ಲ ಕಲ್ಲು, ಮರಳು, ಕಾಂಕ್ರೀಟು. ಮೊದಲು ಮಾಲೆಯ ಸುತ್ತಲಿನ ಹವಳದ ದಿಬ್ಬವನ್ನು ತುಂಬಿ ಊರನ್ನು ಹಿಗ್ಗಿಸಲಾಯಿತು. 1997ರಲ್ಲಿ ಹುಲುಮಾಲೆಗಾಗಿ ಸಮುದ್ರ ತುಂಬುವ ಕೆಲಸ ಆರಂಭವಾಗಿ, 2004ರಲ್ಲಿ ಜನ ಅಲ್ಲಿಗೆ ಬಂದರು. (ಮರಳು ಅಲ್ಲಿಗೆ ನಮ್ಮಿಂದಲೂ ಹೋಗುತ್ತದೆ. 2024–25ರ ಸಾಲಿಗೆ ಭಾರತ ನಿಗದಿ ಮಾಡಿದ ನದಿ ಮರಳಿನ ಕೋಟಾ 10 ಲಕ್ಷ ಟನ್.) 2018ರಲ್ಲಿ ಚೀನಾದ ನೆರವಿನ ಸಿನಮಾಲೆ ಸೇತುವೆ ತೆರೆಯಿತು. ಅದರ ಉಪಯೋಗವನ್ನು ಅಲ್ಲಗಳೆಯಲಾಗದು. ನಡುರಾತ್ರಿ ರೋಗಿಯನ್ನು ಸಾಗಿಸಬೇಕಾದ ಮನೆಯವರನ್ನು ಕೇಳಿದರೆ ಗೊತ್ತಾದೀತು. ಆದರೆ ಮನೆ ಮಾತ್ರ ಹುಲುಮಾಲೆಗೆ ಹೋಯಿತು, ಕೆಲಸ ಮಾಲೆಯಲ್ಲೇ ಉಳಿಯಿತು. ಹಿಂದೆ ಫೆರಿ ಹೆಚ್ಚಾಗಿ ಮನುಷ್ಯನನ್ನಷ್ಟೇ ತಂದಿಳಿಸುತ್ತಿತ್ತು. ಸೇತುವೆ ಅವನ ವಾಹನವನ್ನೂ ತಂದಿತು. ಅದನ್ನು ನಿಲ್ಲಿಸಲು ಮಾಲೆ ಒಂದು ಅಡಿಯೂ ಬೆಳೆದಿರಲಿಲ್ಲ.

ಈ ಇಕ್ಕಟ್ಟಿನಲ್ಲಿ ಯಾರ ಲೆಕ್ಕಕ್ಕೂ ಸಿಗದವರು ವಲಸೆ ಕಾರ್ಮಿಕರು. ಆ ಕಟ್ಟಡಗಳನ್ನು ಕಟ್ಟಿದ್ದು, ಬೀದಿ ಗುಡಿಸುವುದು ಬಹುಪಾಲು ಬಾಂಗ್ಲಾದೇಶ, ಭಾರತಗಳಿಂದ ಹೋದವರು. 2022ರ ನವೆಂಬರ್ 10ರಂದು ಮಾಲೆಯ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ನೆಲ ಅಂತಸ್ತಿನಲ್ಲಿ ವಾಹನ ರಿಪೇರಿ ಗ್ಯಾರೇಜು, ಅದರ ಮೇಲೆ ಕಾರ್ಮಿಕರ ಕಿಕ್ಕಿರಿದ ವಸತಿ. ಸತ್ತ 10 ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ನಮ್ಮ ಪತ್ರಿಕೆಗಳಲ್ಲಿ ಎರಡು ದಿನ ಸುದ್ದಿಯಾಗಿ ಅದು ಮರೆಯಾಯಿತು.

ಈಗಿನ ನಿರೀಕ್ಷೆಯೆಲ್ಲ 2021ರಲ್ಲಿ ಗುತ್ತಿಗೆ ನೀಡಲಾದ, ಭಾರತದ ನೆರವಿನ ಇನ್ನೊಂದು ಸೇತುವೆಯ ಮೇಲಿದೆ. ಮಾಲೆಯನ್ನು ವಿಲಿಂಗಿಲಿ, ಗುಲ್ಹಿಫಲ್ಹು, ತಿಲಫುಶಿ ದ್ವೀಪಗಳಿಗೆ ಜೋಡಿಸುವ 6.74 ಕಿಲೋಮೀಟರ್ ಉದ್ದದ ಯೋಜನೆ ಇದು. ಸರಕು ಬಂದರು, ಗೋದಾಮು, ಗ್ಯಾರೇಜುಗಳು ಆ ಕಡೆ ಹೋದರೆ ಮಾಲೆಗೆ ಉಸಿರಾಡಲು ಜಾಗ ಸಿಕ್ಕೀತು. ಬರೀ ರಸ್ತೆ ಹೋದರೆ ಸಿನಮಾಲೆಯ ಕಥೆಯೇ ಮತ್ತೊಮ್ಮೆ. ಅದರ ಕಂಬಗಳನ್ನು ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆಂದು ವಿಚಾರಿಸುವ ಹಕ್ಕು, ಸಾಲ ಕೊಟ್ಟ ದೇಶದವರಾದ ನಮಗೂ ಇದೆ.